ದಸರಾ ರಜೆಗೆ ಮನೆ ಅದಲುಬದಲು: ನನ್ನ ಅನುಭವ

ಬೀಗದ ಕೈ ಬೇರೆಯವರಿಗೆ ಕೊಟ್ಟು, ಅವರ ಮನೆಗೆ ನಾವು ಹೋಗಿ ರಜೆ ಕಳೆಯೋದು ನಮ್ಮ ಕಡೆ ಆಗೋ ಹೋಗೋ ಮಾತಲ್ಲ ಅಂದವರೇ ಹೆಚ್ಚು. ಈಗ ಕೆಲವು ವರ್ಷದಿಂದ ದಸರೆ ಬಂತೆಂದರೆ ಮೈಸೂರಿನ ನಮ್ಮ ಮನೆಯಲ್ಲಿ ಕುಂದಾಪುರದ ಒಂದು ಸಂಸಾರ, ಕೋಡಿ ಹತ್ತಿರದ ಅವರ ಮನೆಯಲ್ಲಿ ನಾವು. "ತಲೆ ಕೆಟ್ಟಿದೆಯಾ ನಿಂಗೆ?" ಅಂದಿದ್ದ ಭಾವನವರೇ ಹೋದ ವರ್ಷ ಫೋನ್ ಮಾಡಿ, ನಮಗೂ ಯಾರನ್ನಾದರೂ ಗೊತ್ತು ಮಾಡಿಕೊಡು ಅಂದರು.

ಶುರುವಿನಲ್ಲಿ ದುಡ್ಡು ಹೋಗಿದ್ದು ಕಡಿಮೆಯೇನಲ್ಲ. ವಿದೇಶಿ ವೆಬ್‌ಸೈಟೊಂದಕ್ಕೆ ವರ್ಷದ ಚಂದಾ ಅಂತ ಹದಿನೈದು ಸಾವಿರದ ಹತ್ತಿರ ಕಟ್ಟಿದೆ. ವಿಚಾರಿಸಿದವರೆಲ್ಲ ಯುರೋಪಿನವರು. ಮನೆ ಪುಕ್ಕಟೆ ಸಿಕ್ಕರೂ ವಿಮಾನಕ್ಕೆ ಲಕ್ಷಗಟ್ಟಲೆ ಬೇಕಲ್ಲ! ಆಮೇಲೆ ಮಡಿಕೇರಿಯವರೊಬ್ಬರು ಬೇಸಿಗೆ ರಜೆಗೆ ಒಪ್ಪಿ, ಹೊರಡೋ ವಾರ ಹಿಂದೆ ಸರಿದರು. ಕಾರಿಗೆ ಕೊಟ್ಟ ಮುಂಗಡ ಹೋಯಿತು. ಅವರದ್ದೂ ಸರಿಯೇ. ಮೇ ತಿಂಗಳಲ್ಲಿ ಕೊಡಗು ಬಿಟ್ಟು ಮೈಸೂರಿನ ಬಿಸಿಲಿಗೆ ಯಾರು ಬರ್ತಾರೆ?

ಆಗ ಹೊಳೆದದ್ದು ಇಷ್ಟೇ: ನಮ್ಮೂರು ದುಬಾರಿಯಾಗೋ ಹೊತ್ತಿಗೇ ನಾವು ಊರು ಬಿಡಬೇಕು. ನವರಾತ್ರಿಯಲ್ಲಿ ಇಲ್ಲಿ ಒಂದೂವರೆ ಸಾವಿರದ ಲಾಡ್ಜ್ ರೂಮು ನಾಲ್ಕೈದು ಸಾವಿರಕ್ಕೆ ಏರುತ್ತೆ. ದೀಪಾಲಂಕಾರ, ಜಂಬೂಸವಾರಿ, ಬನ್ನಿಮಂಟಪದ ಪಂಜಿನ ಕವಾಯತು ನಾವು ಚಿಕ್ಕಂದಿನಿಂದ ನೋಡಿದ್ದು. ಕುಂದಾಪುರದ ಮಕ್ಕಳಿಗೆ ಅದು ವರ್ಷವಿಡೀ ಕಾಯೋ ಸಂಭ್ರಮ. ಅತ್ತ ಕರಾವಳಿಯಲ್ಲೂ ಮಳೆಯ ಜೋರು ಇಳಿದಿರುತ್ತೆ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕೆ, ಇನ್ನೊಂದು ಬದಿ ಕಡಲು, ನಡುವೆ ಹೆದ್ದಾರಿ. ಅಲ್ಲಿ ಸಂಜೆ ಕೂತರೆ ಮಕ್ಕಳು ಏಳೋದೇ ಇಲ್ಲ.

ನಮ್ಮತ್ತೆಯವರ ಆಕ್ಷೇಪ ಬೇರೆ ಇತ್ತು. ಗೊಂಬೆ ಕೂರಿಸೋ ಮನೆ ಬಿಟ್ಟು ಹೋಗೋದು ಹೇಗೆ? ನಾವು ಪಾಡ್ಯದ ದಿನ ಪಟ್ಟದ ಗೊಂಬೆ ಕೂರಿಸಿ, ಮೂರ್ನಾಲ್ಕು ದಿನ ಬಿಟ್ಟು ಹೊರಟೆವು. ಮುಂದಿನ ಸಂಜೆಗಳ ಆರತಿ, ಗೊಂಬೆ ಬಾಗಿನ ಎಲ್ಲ ಕುಂದಾಪುರದ ಅಕ್ಕನೇ ನೋಡಿಕೊಂಡರು. ಆಯುಧಪೂಜೆಗೆ ನಮ್ಮ ಸ್ಕೂಟರಿಗೆ ಹಾರ ಹಾಕಿ ಫೋಟೊ ಕಳಿಸಿದ್ದು ನೋಡಿ ಅತ್ತೆ ಪೂರ್ತಿ ಕರಗಿಹೋದರು. ಮೀನಿನದೂ ಚಿಂತೆಯಿತ್ತು, ನಮ್ಮದು ಸಸ್ಯಾಹಾರಿ ಅಡುಗೆಮನೆ. "ನವರಾತ್ರಿಲಿ ನಾವೂ ಮೀನ್ ಮುಟ್ಟುದಿಲ್ಲ ಮಾರಾಯ್ರೆ" ಅಂದರು, ಅಲ್ಲಿಗೆ ಮುಗೀತು.

ಕರೆಂಟಿನ ವಿಷಯ ಮಾತ್ರ ಮೊದಲೇ ಮಾತಾಡಿಕೊಳ್ಳಿ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಳೆ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ (ತೀರಾ ಕಡಿಮೆ ಬಳಸೋ ಮನೆಗೆ ಹತ್ತು ಯೂನಿಟ್) ಸೇರಿಸಿ ಉಚಿತ ಕರೆಂಟಿಗೆ ಮಿತಿ ಇದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಕರಾವಳಿ ಸೆಖೆಗೆ ನಮ್ಮ ಹುಡುಗರು ಎಸಿ ಆರಿಸೋದೇ ಇಲ್ಲ. ಹಾಗಾಗಿ ಬಂದ ದಿನ, ಹೊರಡೋ ದಿನ ಮೀಟರಿನ ಫೋಟೊ ತೆಗೆದು, ಬಿಲ್ ಬಂದ ಮೇಲೆ ಹೆಚ್ಚಾದದ್ದನ್ನು ನಾವೇ ಕಳಿಸುತ್ತೇವೆ. ಒಂದು ಸಲ ಎರಡೂ ಕಡೆ ಹತ್ತು ಸಾವಿರ ಡಿಪಾಸಿಟ್ ಇಟ್ಟು ನೋಡಿದೆವು. ಒಂದು ಲೋಟ ಒಡೆದರೂ ಲೆಕ್ಕ ಹಾಕೋ ಹಾಗಾಯಿತು, ಅದನ್ನು ಕೈಬಿಟ್ಟೆವು. ಚಿನ್ನ, ಪತ್ರಗಳು ಬ್ಯಾಂಕ್ ಲಾಕರಿನಲ್ಲಿ. ಒಂದು ರೂಮಿಗೆ ಬೀಗ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ನಡುವೆ ಧಾರವಾಡದವರೊಬ್ಬರ ಜೊತೆ ಬೇರೆ ಬೇರೆ ತಿಂಗಳಲ್ಲಿ ಬದಲಾಯಿಸೋ ಪ್ರಯೋಗವನ್ನೂ ಮಾಡಿದೆ. ಜನವರಿಯಲ್ಲಿ ಅವರು ಬಂದು ಇದ್ದು ಹೋದರು, ನಾವಿನ್ನೂ ಹೋಗಿಲ್ಲ. ಪ್ರತಿ ಸಲ ಮಾತಾಡುವಾಗಲೂ "ಯಾವಾಗ ಬರ್ತೀರಿ?" ಅಂತ ಅವರೇ ಸಂಕೋಚ ಪಡ್ತಾರೆ. ಒಂದೇ ವಾರದಲ್ಲಿ ಎರಡೂ ಕಡೆ ಮುಗಿದುಬಿಡೋದೇ ಮೇಲು.

ಸರಿಯಾದ ಸಂಸಾರ ಹುಡುಕೋದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಮಕ್ಕಳು ಹೆಚ್ಚು ಕಡಿಮೆ ಒಂದೇ ವಯಸ್ಸಿನವರಿರಲಿ, ಆಟದ ಸಾಮಾನು ಹೊತ್ತು ತಿರುಗೋದು ತಪ್ಪುತ್ತೆ. ಮೊದಲ ಫೋನಿನಲ್ಲಿ ನಾನು ಕೇಳೋ ಎರಡು ಪ್ರಶ್ನೆಗಳೂ ಇವೆ. ಅವನ್ನು ಇಲ್ಲಿ ಬರೆಯಲ್ಲ, ಬರೆದರೆ ಉತ್ತರ ತಯಾರಿಟ್ಟುಕೊಂಡೇ ಮಾತಾಡ್ತಾರೆ.

ನಾಲ್ಕು ಜನಕ್ಕೆ ವಾರದ ಖರ್ಚು ರೈಲು, ತರಕಾರಿ, ಆಟೋ, ಒಂದೆರಡು ಹೊರಗಿನ ಊಟ ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ. ಬೀಚ್ ರೆಸಾರ್ಟಿನಲ್ಲಿ ಅದು ಎರಡು ರಾತ್ರಿಗೂ ಸಾಲಲ್ಲ. ಮೈಸೂರು ಮೇಲೆ ಹೋಗೋ ಮುರ್ಡೇಶ್ವರ ರೈಲಿಗೆ ಈಗ 60 ದಿನ ಮುಂಚೆ ಬುಕಿಂಗ್ ತೆರೆಯುತ್ತೆ. ದಸರೆಗೆ ಹೋಗೋರು ಅವತ್ತು ಬೆಳಿಗ್ಗೆಯೇ ಕೂತು ಹೋಗೋ ಟಿಕೆಟ್ ಹಿಡಿದುಕೊಳ್ಳಿ, ಬರೋದರ ಬುಕಿಂಗ್ ತೆರೆಯೋ ದಿನ ಮತ್ತೆ ಹಾಗೇ ಕೂರಿ, ಸ್ಲೀಪರ್ ಬೇಗ ಖಾಲಿಯಾಗುತ್ತೆ.