ಗುಡ್ಡೆಯ ಕೇಪುಳ ನಮ್ಮ ಅಂಗಳದಲ್ಲಿ: ನನ್ನ ಅನುಭವ

ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಕೇಪುಳದ ಗಿಡಕ್ಕೆ ನಮ್ಮ ಉಡುಪಿ ಕಡೆ ಆರೈಕೆಯೇ ಬೇಡ ಎನ್ನುವವರು ಬಹಳ. ಗುಡ್ಡೆಯಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಬಂಡೆಯ ಸೀಳಿನಲ್ಲಿ, ಕುಂಟಲ, ಕರಂಡೆ, ಚೂರಿಮುಳ್ಳುಗಳ ಜೊತೆ ತನ್ನಷ್ಟಕ್ಕೆ ಬೆಳೆಯುವ ಗಿಡಕ್ಕೆ ಇನ್ನೇನು ಆರೈಕೆ ಎಂಬುದು ಅವರ ಮಾತು. ಗುಡ್ಡೆಯ ಮಟ್ಟಿಗೆ ಅದು ನಿಜ. ಅದೇ ಗಿಡವನ್ನು ಸಿಮೆಂಟಿನ ಅಂಗಳಕ್ಕೆ, ಕಾಂಪೌಂಡಿನ ಬುಡಕ್ಕೆ, ಫ್ಲ್ಯಾಟಿನ ಬಾಲ್ಕನಿಗೆ ತಂದಾಗ ಕತೆಯೇ ಬೇರೆ. ಗುಡ್ಡೆಯಲ್ಲಿ ಇಲ್ಲದ ತೊಂದರೆಗಳನ್ನೆಲ್ಲ ನಾವೇ ಕೊಟ್ಟು, ಕೊನೆಗೆ ‘ಕೇಪುಳ ಹಿಡಿಯಲಿಲ್ಲ’ ಅನ್ನುತ್ತೇವೆ. ಹತ್ತಾರು ಮಳೆಗಾಲಗಳಿಂದ ಮನೆಯಂಗಳದಲ್ಲಿ ಊರ ಕೇಪುಳ ಬೆಳೆಸಿಕೊಂಡು ಬಂದಿದ್ದೇನೆ. ಏನೇನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ಬರೆಯುತ್ತೇನೆ.

ಮೊದಲು ಯಾವ ಕೇಪುಳ ಎಂಬುದು ಸ್ಪಷ್ಟವಾಗಲಿ. ನರ್ಸರಿಗಳಲ್ಲಿ ಈಗ ಹಳದಿ, ಗುಲಾಬಿ, ಕಿತ್ತಳೆ ಬಣ್ಣದ ಕುಳ್ಳ ಗಿಡಗಳು ಸಾಲುಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಚೀನಾ ಕಡೆಯ ಜಾತಿಗಳು ಅಥವಾ ಮಿಶ್ರತಳಿಗಳು. ಹೂವಿನ ಎಸಳಿನ ತುದಿ ಉರುಟಾಗಿರುತ್ತದೆ. ನಮ್ಮ ಗುಡ್ಡೆಯ ಕೇಪುಳದ ಎಸಳು ನಾಲ್ಕೂ ಚೂಪು, ಬಣ್ಣ ಕಡುಗೆಂಪು, ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಕಮ್ಮಿ. ಇಕ್ಸೋರಾ ಕಾಕ್ಸಿನಿಯಾ ಎಂದು 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟದ್ದು ಇದಕ್ಕೆ. ಅದಕ್ಕೂ ಮೊದಲೇ ಮಲಬಾರಿನ ಗಿಡಗಳ ಬಗೆಗಿನ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥದಲ್ಲಿ ಮಲಯಾಳದ ‘ಚೆತ್ತಿ’ ಹೆಸರಿನಲ್ಲಿ ಇದು ದಾಖಲಾಗಿತ್ತು. ಕಾಫಿಯ ಕುಟುಂಬಕ್ಕೆ ಸೇರಿದ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲದ ಗಿಡ. ಇದಕ್ಕೆ ಕುಸುಮಾಲೆ, ಗುಡ್ಡೆದಾಸವಾಳ ಎಂಬ ಹೆಸರುಗಳೂ ಇವೆ. ನರ್ಸರಿ ಗಿಡಗಳೂ ಚೆಂದವೇ. ಆದರೆ ತಂಬಿಲಕ್ಕೆ (ದೈವದ ಪೂಜೆಗೆ), ತಂಬುಳಿಗೆ, ಹಕ್ಕಿಗೆ, ಚಿಟ್ಟೆಗೆ ನನಗೆ ಬೇಕಾದದ್ದು ಊರ ಕೇಪುಳ.

ಗುಡ್ಡೆಯಿಂದ ಗಿಡ ಕಿತ್ತು ತರಬೇಡಿ. ಬೇರು ಮುರಕಲ್ಲಿನ ಸಂದಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಎಳೆದರೆ ತುಂಡಾಗುತ್ತದೆ, ತಂದು ನೆಟ್ಟರೆ ಒಣಗುತ್ತದೆ, ಗುಡ್ಡೆಯಲ್ಲೂ ಇಲ್ಲ, ಅಂಗಳದಲ್ಲೂ ಇಲ್ಲ ಎಂದಾಗುತ್ತದೆ. ನಾನು ಮಾಡುವುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ಕಡ್ಡಿ ನೆಡುವುದು. ಹೂ ಇಲ್ಲದ, ಹಸಿರು ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿರುವ ಗೆಲ್ಲು (ಕೊಂಬೆ) ಆರಿಸುತ್ತೇನೆ. ತೀರಾ ಎಳತು ಕೊಳೆಯುತ್ತದೆ, ತೀರಾ ಬಲಿತದ್ದು ಬೇರು ಬಿಡಲು ಸತಾಯಿಸುತ್ತದೆ. ನಾಲ್ಕು ಗಣ್ಣು ಇರುವಂತೆ, ಗೇಣಿಗಿಂತ ತುಸು ಕಮ್ಮಿ ಉದ್ದಕ್ಕೆ, ಗಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಜೋಡಿ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದರೆ ನೀರು ಆರುವುದು ಕಮ್ಮಿಯಾಗುತ್ತದೆ. ಅರ್ಧ ಹೊಯಿಗೆ (ಮರಳು), ಅರ್ಧ ಕೆಂಪು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎರಡು ಗಣ್ಣು ಮುಳುಗುವಂತೆ ಊರಿ, ಮಳೆಹನಿ ನೇರ ಬೀಳದ ಕಡೆ, ಇಳಿಮಾಡಿನ ಬದಿಯಲ್ಲಿ ಇಡುತ್ತೇನೆ. ಆಟಿಯ ಗಾಳಿಯಲ್ಲಿ ಬೇಕಾದಷ್ಟು ತೇವ ಇರುವುದರಿಂದ ಪ್ಲಾಸ್ಟಿಕ್ ಮುಚ್ಚುವ ಕೆಲಸ ಇಲ್ಲ. ಬೇರು ಬರಿಸುವ ಪುಡಿ ಹಚ್ಚಿದರೆ ಹಿಡಿಯುವ ಕಡ್ಡಿಗಳು ಹೆಚ್ಚು. ಹಚ್ಚದೆಯೂ ನಡೆಯುತ್ತದೆ, ಕೆಲವು ಹೆಚ್ಚುವರಿ ಕಡ್ಡಿ ನೆಡಬೇಕಷ್ಟೆ. ಒಂದೂವರೆ, ಎರಡು ತಿಂಗಳು ಅಲುಗಾಡಿಸಬಾರದು. ಚಿಗುರು ಬಂತೆಂದು ಕಿತ್ತು ನೋಡುವ ಆಸೆ ಬೇಡ. ಚಿಗುರು ಮೊದಲು, ಬೇರು ಆಮೇಲೆ.

ಬೀಜದಿಂದಲೂ ಬರುತ್ತದೆ. ಹಣ್ಣು ಕೆಂಪು ದಾಟಿ ಕಪ್ಪಿಗೆ ತಿರುಗಿದಾಗ ಪಿಕಳಾರ ಹಕ್ಕಿಗಳಿಗಿಂತ ಮೊದಲು ನಾವು ಗಿಡದ ಹತ್ತಿರ ಇರಬೇಕು. ತಿರುಳು ತಿಂದು, ಒಳಗಿನ ಬೀಜ ತೊಳೆದು, ಒಣಗಲು ಬಿಡದೆ ಕೂಡಲೇ ಬಿತ್ತಬೇಕು. ಹೂ ನೋಡಲು ಮಾತ್ರ ಎರಡು ಮೂರು ಮಳೆಗಾಲ ಕಾಯುವ ತಾಳ್ಮೆ ಇರಬೇಕು.

ಇನ್ನು ಜಾಗ. ನನ್ನ ಪ್ರಕಾರ ಕೇಪುಳದ ಹಣೆಬರಹ ಗುಂಡಿ ತೋಡುವ ದಿನವೇ ತೀರ್ಮಾನವಾಗುತ್ತದೆ. ಇದು ಹುಳಿ ಮಣ್ಣಿನ ಗಿಡ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಸುಣ್ಣದ ಅಂಶ ತೊಳೆದು ಹೋಗಿ ಕೆಂಪು ಮುರಮಣ್ಣು ಸಹಜವಾಗಿಯೇ ಹುಳಿ. ಅದಕ್ಕೇ ಅಡಿಕೆ ತೋಟಗಳಿಗೆ ಸುಣ್ಣ ಹಾಕುವುದು. ಕೇಪುಳಕ್ಕೆ ಬೇಕಾದದ್ದು ಆ ಹುಳಿಯೇ. ಹುಳಿಯ ಅಳತೆಯಾದ ಪಿಎಚ್ 5ರಿಂದ 6ರ ಆಸುಪಾಸು ಇದ್ದರೆ ಗಿಡ ಖುಷಿಯಾಗಿರುತ್ತದೆ. 7 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ.

ಪಕ್ಕದ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ನನ್ನದೇ ಗಿಡದ ಕಡ್ಡಿ, ಅದೇ ಮಳೆಗಾಲ, ಅದೇ ಮಣ್ಣು. ಅವರು ಹೊಸ ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟರು, ನಾನು ಅಂಗಳದಾಚೆಯ ಇಳಿಜಾರಿನಲ್ಲಿ. ನನ್ನ ಗಿಡ ಕಡುಹಸಿರಾಗಿ ಎದ್ದಿತು. ಅವರದ್ದರ ಚಿಗುರೆಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದವು. “ಗೊಬ್ಬರ ಸಾಲದೋ ಏನೋ ಅಕ್ಕ, ಇನ್ನೂ ಸ್ವಲ್ಪ ಹಾಕ್ತೇನೆ” ಅಂದರು. ಗೊಬ್ಬರದ್ದಲ್ಲ, ಗೋಡೆಯ ಸಿಮೆಂಟಿನಿಂದ ಮಳೆನೀರಿನ ಜೊತೆ ಇಳಿಯುವ ಸುಣ್ಣದ ಕೆಲಸ ಅದು. ಅಡಿಪಾಯದ ಬದಿಯಲ್ಲಿ ಕೆಲಸದವರು ಹುಗಿದುಬಿಟ್ಟ ಗಾರೆಯ ಚೂರುಗಳೂ ಇರುತ್ತವೆ. ಆ ಗಿಡಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕೊಟ್ಟೆವು: ಒಂದು ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ನಿಂಬೆ ಉಪ್ಪು, ಸಂಜೆ ಹೊತ್ತು ಎಲೆಯ ಎರಡೂ ಬದಿ ನೆನೆಯುವಂತೆ ಸಿಂಪರಣೆ. ಹೊಸ ಎಲೆ ಹಸಿರಾಗಿ ಬಂತು. ಆದರೆ ಇದು ತಾತ್ಕಾಲಿಕ. ಗೋಡೆ ಅಲ್ಲೇ ಇರುತ್ತದಲ್ಲ, ಕೆಲವು ತಿಂಗಳಲ್ಲಿ ಹಳದಿ ಮರಳಿ ಬರುತ್ತದೆ. ಕಡೆಗೆ ಅವರೂ ಹೊಸ ಕಡ್ಡಿ ಬೇರೆ ಕಡೆ ನೆಟ್ಟರು. ಗೋಡೆಯಿಂದ ಮೂರು ನಾಲ್ಕು ಅಡಿ ದೂರ ಬಿಡಿ, ಅನ್ನಭೇದಿಯ ಅಗತ್ಯವೇ ಬೀಳುವುದಿಲ್ಲ. ಅಂದ ಹಾಗೆ ಅನ್ನಭೇದಿಯ ನೀರು ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜಾಗ್ರತೆ.

ಬಚ್ಚಲಿನ ನೀರಿಗೂ ಇದೇ ಮಾತು. ಸೋಪು ನೀರು ಬಾಳೆಗೆ, ಕೆಸುವಿಗೆ ಆದೀತು, ಕೇಪುಳದ ಬುಡಕ್ಕೆ ಬೇಡ. ಬಾವಿ ನೀರು ಒಳ್ಳೆಯದು. ಸಮುದ್ರ ಬದಿಯ ಊರುಗಳಲ್ಲಿ ಬೇಸಗೆಗೆ ಬಾವಿ ಉಪ್ಪಾಗುವುದಾದರೆ ಆ ದಿನಗಳಲ್ಲಿ ಬೇರೆ ನೀರು ನೋಡಿಕೊಳ್ಳಬೇಕು, ಇದಕ್ಕೆ ಉಪ್ಪು ಸೇರುವುದಿಲ್ಲ.

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಲೇಬೇಕು. ಮಾವಿನ ಮರದಡಿಯಲ್ಲಿ ಎಲೆ ಚೆನ್ನಾಗಿ ಬರುತ್ತದೆ, ಹೂ ಬರುವುದಿಲ್ಲ. ಮಳೆ ನಿಂತ ಮೇಲೆ ವಾರಕ್ಕೆ ಎರಡು ಸಲ ಬುಡ ನೆನೆಯುವಷ್ಟು ನೀರು, ಮೇಲೆ ದಪ್ಪಕ್ಕೆ ತರಗೆಲೆ. ತರಗೆಲೆ ಕೊಳೆತು ಅದೇ ಗೊಬ್ಬರವಾಗುತ್ತದೆ. ಜೊತೆಗೆ ಮಳೆಯ ಮೊದಲೊಮ್ಮೆ, ಮಳೆಯ ನಂತರವೊಮ್ಮೆ ಒಂದು ಬುಟ್ಟಿ ಹಟ್ಟಿಗೊಬ್ಬರ. ಮಲ್ಲಿಗೆಯವರು ಮಾಡುವಂತೆ ನೆಲಗಡಲೆ ಹಿಂಡಿ ಕೊಳೆಸಿ ಮತ್ತೆ ಮತ್ತೆ ಹೊಯ್ಯುವುದನ್ನು ನಾನು ಮಾಡುವುದಿಲ್ಲ. ಸಾರಜನಕ ಹೆಚ್ಚಾದರೆ ಎಲೆಯೇ ಎಲೆ.

ಹಳೆ ಎಲೆಗಳಲ್ಲಿ ಕಂದು, ನೇರಳೆ ಚುಕ್ಕೆಗಳು ಬಂದರೆ ಎಲ್ಲರೂ ರೋಗವೆಂದು ಔಷಧಿ ಹುಡುಕುತ್ತಾರೆ. ಬಹಳ ಸಲ ಅದು ರೋಗವಲ್ಲ, ಪೊಟ್ಯಾಶಿನ ಕೊರತೆ. ನಮ್ಮ ಮಳೆಗೆ ಮಣ್ಣಿನ ಪೊಟ್ಯಾಶ್ ಸುಲಭದಲ್ಲಿ ತೊಳೆದುಹೋಗುತ್ತದೆ. ಹಳದಿ ಚಿಗುರೆಲೆಯಲ್ಲಿ ಕಂಡರೆ ಕಬ್ಬಿಣ, ಚುಕ್ಕೆ ಹಳೆ ಎಲೆಯಲ್ಲಿ ಕಂಡರೆ ಪೊಟ್ಯಾಶ್ ಎಂದು ನೆನಪಿಟ್ಟುಕೊಂಡರೆ ಸಾಕು. ಆಟಿಯ ನಂತರದ ಸೋಣ ತಿಂಗಳಲ್ಲಿ ಗಿಡವೊಂದಕ್ಕೆ ಒಂದು ಹಿಡಿ ಪೊಟ್ಯಾಶ್ ಬುಡದಿಂದ ದೂರ, ಸುತ್ತ ಹರಡಿ ಹಾಕುತ್ತೇನೆ. ಹಂಡೆ ಒಲೆಯ ಬೂದಿಯಲ್ಲೂ ಪೊಟ್ಯಾಶ್ ಇದೆ, ಆದರೆ ಬೂದಿ ಮಣ್ಣಿನ ಹುಳಿಯನ್ನು ಕಳೆಯುತ್ತದೆ. ನೆಲದ ಗಿಡಕ್ಕೆ ಅಪರೂಪಕ್ಕೊಮ್ಮೆ ಒಂದು ಹಿಡಿ ಪರವಾಗಿಲ್ಲ, ಚಟ್ಟಿಯ ಗಿಡಕ್ಕೆ ಬೇಡವೇ ಬೇಡ.

ಈಗ ಕತ್ತರಿಯ ವಿಷಯ. ನಾನು ಅತಿ ಹೆಚ್ಚು ಕಲಿತದ್ದು ಇದರಲ್ಲಿ, ಕಲಿಸಿದವರು ಹೂ ಕೊಯ್ಯಲು ಬಂದವರು. ದೀಪಾವಳಿ ಕಳೆದು ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ನಮ್ಮಲ್ಲಿ ಕೋಲ, ನೇಮ, ತಂಬಿಲಗಳ ಕಾಲ. ದೈವಕ್ಕೆ ಕೇಪುಳ ಬೇಕು. ಹಿಂದೆ ದೈವಸ್ಥಾನದ ಹಿಂದಿನ ಗುಡ್ಡೆಯಲ್ಲೇ ಸಿಗುತ್ತಿತ್ತು, ಈಗ ಗುಡ್ಡೆ ಸಪಾಟಾಗಿ ಲೇಔಟ್ ಆಗಿದೆ. “ಅಕ್ಕ, ನಾಡಿದ್ದು ತಂಬಿಲ ಉಂಟು, ಸ್ವಲ್ಪ ಕೇಪುಳ ಸಿಗಬಹುದಾ?” ಎಂದು ಕೇಳಿಕೊಂಡು ಬರುತ್ತಾರೆ. ಅವರಲ್ಲಿ ಹಿರಿಯರು ಹೂವನ್ನು ಚಿವುಟುವುದಿಲ್ಲ. ಗೊಂಚಲಿನ ಕೆಳಗಿನ ಒಂದು ಜೋಡಿ ಎಲೆಯೂ ಸೇರುವಂತೆ ಗೆಲ್ಲು ಮುರಿಯುತ್ತಾರೆ. ಕೇಪುಳದ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಹಾಗೆ ಮುರಿದಾಗ ಕೆಳಗೆ ಉಳಿದ ಜೋಡಿಯ ಎರಡೂ ಕಂಕುಳಿಂದ ಚಿಗುರು ಹೊರಡುತ್ತದೆ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಒಂದು ಗೊಂಚಲು ಕೊಟ್ಟ ಕಡೆ ಮುಂದೆ ಎರಡು ಗೊಂಚಲು. ವರ್ಷವಿಡೀ ಹೀಗೆ ಕೊಯ್ಯುವ ನನ್ನ ಗಿಡಗಳು ಬುಡದಿಂದಲೇ ಪೊದೆಯಾಗಿ ತುಂಬಿಕೊಂಡಿವೆ. ಹೂ ಗಿಡದಲ್ಲೇ ಇರಲಿ ಎಂದು ಮುಟ್ಟದೆ ಬಿಟ್ಟವರ ಗಿಡ ಉದ್ದಕ್ಕೆ ಎದ್ದು ತುದಿಯಲ್ಲಷ್ಟೇ ನಾಲ್ಕು ಗೊಂಚಲು ಹೊತ್ತು ನಿಂತಿರುತ್ತದೆ.

ಇದಲ್ಲದೆ ವರ್ಷಕ್ಕೊಮ್ಮೆ ದೊಡ್ಡ ಕತ್ತರಿ. ಅದು ಸೋಣದಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ. ಮೂರರಲ್ಲಿ ಒಂದು ಪಾಲು ಎತ್ತರ ಇಳಿಸಿ, ಒಳಗಿನ ಒಣ ಗೆಲ್ಲು ತೆಗೆದರೆ ದೀಪಾವಳಿ ಹೊತ್ತಿಗೆ ಚಿಗುರು ಬಲಿತು ಮೊಗ್ಗು ಕಾಣಿಸುತ್ತದೆ. ಬೇಲಿಯಂತೆ ಚಪ್ಪಟೆಯಾಗಿ ತಿಂಗಳಿಗೊಮ್ಮೆ ಸವರುವುದು ಅನ್ಯಾಯ. ಪ್ರತಿ ಸಲವೂ ಮೊಗ್ಗೇ ಹೋಗುತ್ತದೆ.

ಇರುವೆಗಳು ಗಿಡದ ಮೇಲೆ ಸಾಲು ಹಿಡಿದರೆ ಎಲೆಯ ಅಡಿ ನೋಡಿ. ಚಿಪ್ಪು ಕೀಟವೋ ಹಿಟ್ಟು ತಿಗಣೆಯೋ ಇರುತ್ತದೆ. ಅವು ಸುರಿಸುವ ಸಿಹಿ ಅಂಟಿಗೆ ಇರುವೆ, ಆ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಸ್ಟು. ಪೈಪಿನ ನೀರನ್ನು ಜೋರಾಗಿ ಬಿಟ್ಟು ತೊಳೆದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕರಗಲು ಸ್ವಲ್ಪ ಸೋಪು ದ್ರಾವಣ, ಸೂರ್ಯ ಮುಳುಗಿದ ಮೇಲೆ. ಇದಕ್ಕಿಂತ ಕಟುವಾದ ವಿಷವನ್ನು ನಾನು ಕೇಪುಳದ ಹತ್ತಿರ ತರುವುದಿಲ್ಲ. ಬೆಳಗ್ಗೆಯಿಂದ ಸೂರಕ್ಕಿಗಳು ಇಲ್ಲಿ. ಹೂವಿನ ಕೊಳವೆ ಉದ್ದ ಮತ್ತು ಸಪೂರ, ಆದ್ದರಿಂದ ಉದ್ದ ಸೊಂಡಿಲಿನ ದೊಡ್ಡ ಚಿಟ್ಟೆಗಳಿಗೆ ಇದು ಹೇಳಿ ಮಾಡಿಸಿದ ಹೂ. ನಮ್ಮ ರಾಜ್ಯದ ಚಿಟ್ಟೆ, ಕಪ್ಪು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್, ಗೊಂಚಲಿನ ಮೇಲೆ ರೆಕ್ಕೆ ಪಟಪಟಿಸುತ್ತ ಜೇನು ಹೀರುವುದನ್ನು ನೋಡಲು ನಾನು ಅಡುಗೆ ಬಿಟ್ಟು ಹೊರಗೆ ಬರುತ್ತೇನೆ. ಅಂಥ ಹೂವಿಗೆ ವಿಷ ಹೊಡೆಯಲು ಕೈ ಬರುವುದಾದರೂ ಹೇಗೆ?

ವಿಷ ಬೀಳದ ಹೂ ಅಡುಗೆಮನೆಗೂ ಬರುತ್ತದೆ. ಒಂದು ಹಿಡಿ ಎಸಳನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಬೇಸಗೆಯ ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಬೇರೆ ಏನೂ ಬೇಡ.

ಮಂಗಳೂರಿನ ಫ್ಲ್ಯಾಟಿನಲ್ಲಿರುವ ತಂಗಿ ಚಟ್ಟಿಯಲ್ಲಿ ಬೆಳೆಸಿದ್ದಾಳೆ. ಅವಳಿಗೆ ನಾನು ಹೇಳಿದ್ದು ಮುಖ್ಯವಾಗಿ ಸಿಮೆಂಟಿನ ಚಟ್ಟಿ ಬೇಡ ಎಂದು. ಗೋಡೆಯ ಸುಣ್ಣದ ತೊಂದರೆಯೇ ಚಟ್ಟಿಯೊಳಗೆ ಬರುತ್ತದೆ. ಮಣ್ಣಿನದ್ದೋ ಪ್ಲಾಸ್ಟಿಕ್ಕಿನದ್ದೋ, ಒಂದೂವರೆ ಅಡಿ ಅಗಲದ್ದು ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತರಗೆಲೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಚಟ್ಟಿಯಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುವುದರಿಂದ ಅಡಿಯ ತೂತು ಮುಚ್ಚದಂತೆ ಓಡಿನ ಚೂರು ಇಡಬೇಕು. ಊರ ಕೇಪುಳ ನೆಲದಲ್ಲಿ ಆಳೆತ್ತರ ಹೋಗುವ ಗಿಡ, ಚಟ್ಟಿಯಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ನಿಲ್ಲಿಸಬಹುದು. ಐದಾರು ಗಂಟೆ ಬಿಸಿಲು ಬೀಳದ ಬಾಲ್ಕನಿಯಾದರೆ ಆಸೆ ಪಡದಿರುವುದೇ ಲೇಸು.

ನಿಮ್ಮ ಊರಲ್ಲಿ ಗುಡ್ಡೆಯ ಜಾಗ ಯಾರಾದರೂ ಲೆವೆಲ್ ಮಾಡಿಸುತ್ತಿದ್ದರೆ, ಜೆಸಿಬಿ ಬರುವ ಮೊದಲು ಹೋಗಿ ಅವರನ್ನು ಕೇಳಿ ಕಡ್ಡಿ ತನ್ನಿ. ಯಾರೂ ಇಲ್ಲ ಅನ್ನುವುದಿಲ್ಲ. ಆಟಿಯೇ ಆಗಬೇಕೆಂದು ಕಾದರೆ ಗಿಡ ಉಳಿದಿರುವುದಿಲ್ಲ. ಬೇಸಗೆಯಲ್ಲಾದರೆ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು, ಅದೇ ದಿನ ಹೊಯಿಗೆ ಮಣ್ಣಿನ ತೊಟ್ಟೆಗೆ ಊರಿ, ಮೇಲೆ ಪ್ಲಾಸ್ಟಿಕ್ ಲಕೋಟೆ ಕವುಚಿ, ನೆರಳಲ್ಲಿಡಿ. ಹತ್ತು ಕಡ್ಡಿ ತಂದರೆ ಮೂರಾದರೂ ಹಿಡಿಯುತ್ತವೆ. ಒಂದು ನಿಮಗೆ, ಒಂದು ಹತ್ತಿರದ ದೈವಸ್ಥಾನದ ಅಂಗಳಕ್ಕೆ, ಇನ್ನೊಂದು ಆ ಜಾಗದವರಿಗೇ, ಅವರ ಹೊಸ ಮನೆಯ ಗೋಡೆಯಿಂದ ನಾಲ್ಕಡಿ ದೂರ ನೆಡಲು ಹೇಳಿ.