ಬಂದದ್ದನ್ನ ಎಣಸು: ಸ್ಕಾಟ್ಲೆಂಡಿನ ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕ ಬರೆದ ನನ್ನ ಅನುಭವ

ಖಜಾಂಚಿ ಕೆಲಸ ಒಪ್ಪಿಕೊಂಡ ಮೊದಲ ವಾರ ನನ್ನ ಕೈಗೆ ಬಂದ ಬಜೆಟ್ಟಿನಲ್ಲಿ ಒಂದು ಸಾಲು ಇತ್ತು: ‘ಸ್ಕಾಟಿಷ್ ಕಪ್, ನಾಲ್ಕನೇ ಸುತ್ತು’. ಅಗ್ರ ಲೀಗಾದ ಪ್ರೀಮಿಯರ್‌ಶಿಪ್‌ನ ದೊಡ್ಡ ಕ್ಲಬ್ಬುಗಳು ಕಪ್ಪಿಗೆ ಇಳಿಯುವುದೇ ಆ ಸುತ್ತಿನಲ್ಲಿ. ಅಲ್ಲಿವರೆಗೆ ನಮ್ಮ ಹುಡುಗರು ಗೆಲ್ಲುತ್ತಾ ಹೋಗಬೇಕು, ಆಮೇಲೆ ಚೀಟಿ ಎತ್ತುವಾಗ ಸೆಲ್ಟಿಕ್ಕೋ ರೇಂಜರ್ಸೋ ಬರಬೇಕು, ಟಿಕೆಟ್ ಹಣದಲ್ಲಿ ನಮಗೂ ಪಾಲು ಸಿಗಬೇಕು. ಇಷ್ಟೂ ಆಗುತ್ತದೆ ಎಂದು ಹಿಡಿದು ಆಟಗಾರರ ಸಂಬಳ ನಿಗದಿಯಾಗಿತ್ತು. ಜುಲೈ ತಿಂಗಳು. ಕಪ್ಪಿನ ಒಂದು ಪಂದ್ಯವೂ ಆಗಿರಲಿಲ್ಲ.

ನಾನು ಗದಗ ಕಡೆಯವನು. ಓದಿದ್ದು ಲೆಕ್ಕಶಾಸ್ತ್ರ, ನೌಕರಿ ಎಡಿನ್‌ಬರಾದಲ್ಲಿ. ಮಗನನ್ನು ಶನಿವಾರ ಪಂದ್ಯಕ್ಕೆ ಕರೆದುಕೊಂಡು ಹೋಗುತ್ತಾ ಹೋಗುತ್ತಾ ಆ ಕ್ಲಬ್ಬಿನ ಅಭಿಮಾನಿಗಳ ಸಂಘದ ಸದಸ್ಯನಾದೆ, ಆಮೇಲೆ ಲೆಕ್ಕ ನೋಡುವವನಾದೆ. ನಾಲ್ಕನೇ ಹಂತವಾದ ಲೀಗ್ ಟೂದಲ್ಲಿ ಆಡುವ ಕ್ಲಬ್ಬು. ಮೈದಾನಕ್ಕೆ ಐನೂರು ಜನ ಬಂದರೆ ನಮಗೆ ಹಬ್ಬ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಹಿಂದಿನ ಆಡಳಿತದವರು ಇದೇ ಊರಿನಲ್ಲಿ ಇದ್ದಾರೆ, ಅವರೂ ಕ್ಲಬ್ಬಿನ ಮೇಲಿನ ಪ್ರೀತಿಯಿಂದಲೇ ಕೆಲಸ ಮಾಡಿದವರು.

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಬಜೆಟ್ಟಿನ ವಿಷಯ ಹೇಳಿದೆ. ಅವರು ಇಪ್ಪತ್ತು ವರ್ಷ ಊರ ಸಹಕಾರ ಸಂಘದ ಕಾರ್ಯದರ್ಶಿ. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಸುದ್ದಿ ಕೇಳಿ ಬೆಳೆದ ಸೀಮೆಯವರು. ಫುಟ್‌ಬಾಲ್ ಅವರಿಗೆ ಗೊತ್ತಿಲ್ಲ. ‘ತಮ್ಮಾ, ಬಂದದ್ದನ್ನ ಎಣಸು, ಬರತೈತಿ ಅನ್ನೋದನ್ನ ಎಣಸಬ್ಯಾಡ’ ಅಂದರು. ಮರುದಿನ ಆ ಸಾಲನ್ನು ಹೊಡೆದು ಹಾಕಿದೆ. ಆದಾಯದ ಕಡೆ ಅಷ್ಟೇ ದೊಡ್ಡ ಗುಂಡಿ ಬಿತ್ತು.

ಬರಬಹುದಾದ ಹಣವನ್ನು ನಂಬಿ ಕೆಟ್ಟ ಕ್ಲಬ್ಬುಗಳು ಈ ದೇಶದಲ್ಲಿ ಬಹಳ. ಗ್ರೆಟ್ನಾ ಎಂಬ ಗಡಿಯ ಪುಟ್ಟ ಊರಿನ ಕ್ಲಬ್ಬು ಒಬ್ಬ ಶ್ರೀಮಂತರ ದುಡ್ಡಿನಲ್ಲಿ ಮೇಲೇರಿ 2006ರಲ್ಲಿ ಸ್ಕಾಟಿಷ್ ಕಪ್ ಫೈನಲ್ ಆಡಿತು, ಮರುವರ್ಷ ಅಗ್ರ ಲೀಗಿಗೆ ಬಂತು. ಅವರು ಕಾಯಿಲೆ ಬಿದ್ದರು, ಹಣ ನಿಂತಿತು, 2008ರಲ್ಲಿ ಕ್ಲಬ್ಬೇ ಮುಗಿಯಿತು. ಆ ಕೊನೆಯ ವಸಂತದಲ್ಲಿ ಅವರ ಒಂದು ಪಂದ್ಯಕ್ಕೆ ಬಂದವರು 431 ಜನ, ಅದೂ ಮದರ್‌ವೆಲ್‌ನಿಂದ ಎರವಲು ಪಡೆದ ಮೈದಾನದಲ್ಲಿ. 2009ರಲ್ಲಿ ಪಂದ್ಯಗಳ ಪ್ರಸಾರ ಹಕ್ಕು ಕೊಂಡಿದ್ದ ಸೆಟಾಂಟಾ ಟಿವಿ ಮುಳುಗಿದಾಗ ಅದರ ಕಂತು ಬರುತ್ತದೆಂದು ಲೆಕ್ಕ ಹಾಕಿದ್ದ ಅಗ್ರ ಲೀಗಿನ ಕ್ಲಬ್ಬುಗಳು ಕಂಗಾಲಾದವು. 2012ರ ಫೆಬ್ರವರಿಯಲ್ಲಿ ರೇಂಜರ್ಸ್‌ನಂಥ ರೇಂಜರ್ಸ್ ಕಟ್ಟದ ತೆರಿಗೆಯಿಂದಾಗಿ, ಸಾಲ ತೀರಿಸಲಾಗದ ಕಂಪನಿಯನ್ನು ವಹಿಸಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು.

ಆದ್ದರಿಂದ ನಾನು ಮೊದಲು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳದಂಥದ್ದು: ಬ್ಯಾಂಕಿನಲ್ಲಿ ಇನ್ನೆರಡು ಖಾತೆ ತೆಗೆದೆ. ಒಂದರಲ್ಲಿ ತೆರಿಗೆ. ಆಟಗಾರರ ಸಂಬಳದಿಂದ ಹಿಡಿದ ತೆರಿಗೆ ಸರ್ಕಾರದ್ದು, ನಮ್ಮದಲ್ಲ. ಸಂಬಳ ಕೊಟ್ಟ ದಿನವೇ ಅದು ಆ ಖಾತೆಗೆ ಹೋಗಬೇಕು. ಇನ್ನೊಂದರಲ್ಲಿ ಸೀಸನ್ ಟಿಕೆಟ್ ಹಣ, ಅಂದರೆ ವರ್ಷದ ಮನೆ ಪಂದ್ಯಗಳಿಗೆಲ್ಲ ಒಟ್ಟಿಗೆ ಕೊಳ್ಳುವ ಟಿಕೆಟ್ಟಿನದು. ನಮ್ಮ ಲೀಗಿನಲ್ಲಿ ಹತ್ತು ತಂಡ, ಪ್ರತಿ ತಂಡದ ಜೊತೆ ನಾಲ್ಕು ಸಲ ಆಟ, ಒಟ್ಟು 36 ಪಂದ್ಯ, ಅದರಲ್ಲಿ 18 ನಮ್ಮ ಮೈದಾನದಲ್ಲಿ. ಸೀಸನ್ ಟಿಕೆಟ್ ಮಾರಾಟವಾಗುವುದು ಬೇಸಿಗೆಯಲ್ಲಿ. ಮೊದಲೆಲ್ಲಾ ಆ ಹಣ ಸೆಪ್ಟೆಂಬರ್ ಹೊತ್ತಿಗೆ ಖರ್ಚಾಗಿ, ಜನವರಿಯ ಚಳಿಯಲ್ಲಿ ಸಂಬಳಕ್ಕೆ ಪರದಾಟ. ನಾನು ಅದನ್ನು ಹದಿನೆಂಟು ಪಾಲು ಮಾಡಿದೆ. ಒಂದು ಪಂದ್ಯ ಆಡಿದರೆ ಒಂದು ಪಾಲು ಹೊರಗೆ. ಪಂದ್ಯ ಮಂಜಿಗೆ ರದ್ದಾದರೆ ಪಾಲು ಅಲ್ಲೇ ಇರುತ್ತದೆ. ತಂಡದ ಮ್ಯಾನೇಜರ್ ಮೂರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಫೆಬ್ರವರಿಯಲ್ಲಿ ಎಲ್ಲರ ಸಂಬಳ ಹೇಳಿದ ದಿನಕ್ಕೇ ಆದ ಮೇಲೆ ಬಂದು ಕೈ ಕುಲುಕಿದರು.

ಗುಂಡಿ ಮುಚ್ಚಿದ್ದು ತಿಂಗಳ ವಂತಿಗೆ. ಇದು ನನ್ನ ತಲೆಯಿಂದ ಬಂದದ್ದಲ್ಲ. 2013ರಲ್ಲಿ ದಿವಾಳಿಯ ಅಂಚಿಗೆ ಹೋಗಿದ್ದ ಹಾರ್ಟ್ಸ್ ಕ್ಲಬ್ಬನ್ನು ಸಾವಿರಾರು ಅಭಿಮಾನಿಗಳು ತಿಂಗಳಿಗೆ ಹತ್ತು ಪೌಂಡಿನಿಂದ ಶುರುಮಾಡಿ ಎತ್ತಿ ನಿಲ್ಲಿಸಿದರು. 2021ರಲ್ಲಿ ಅದರ ಆಗಿನ ಮಾಲೀಕರಾದ ಆ್ಯನ್ ಬಜ್ ತಮ್ಮ ಷೇರುಗಳನ್ನು ಅಭಿಮಾನಿಗಳ ಫೌಂಡೇಶನ್ನಿಗೆ ಒಪ್ಪಿಸಿದರು. ಮದರ್‌ವೆಲ್, ಸೇಂಟ್ ಮಿರನ್ ಕೂಡ ಅಭಿಮಾನಿಗಳ ಕೈಗೆ ಬಂದವು. ನಮ್ಮ ಊರು ಚಿಕ್ಕದು, ನಾವು ಐದು ಪೌಂಡ್ ಇಟ್ಟೆವು. ಯಾರು ಎಷ್ಟೇ ಕೊಟ್ಟರೂ ಮತ ಒಂದೇ. ಇಲ್ಲಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಏರ್‌ಶೈರಿನ ಫೆನಿಕ್ ಹಳ್ಳಿಯ ನೇಕಾರರು 1761ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ಇದು. ಒಮ್ಮೆ ಬಂದು ಹೋಗುವ ದೊಡ್ಡ ದೇಣಿಗೆಗಿಂತ ಈ ಸಣ್ಣ ವಂತಿಗೆ ನನಗೆ ಪ್ರಿಯ. ತಂಡ ಸತತ ಐದು ಪಂದ್ಯ ಸೋತ ತಿಂಗಳಲ್ಲೂ ಅದು ಒಂದನೇ ತಾರೀಖಿಗೆ ಬಂದು ಬಿದ್ದಿತ್ತು.

ಇನ್ನು ಜನ. ಜನಸಂಖ್ಯೆಗೆ ಹೋಲಿಸಿದರೆ ಸ್ಕಾಟ್ಲೆಂಡಿನಷ್ಟು ಜನ ಮೈದಾನಕ್ಕೆ ಹೋಗುವ ದೇಶ ಯುರೋಪಿನಲ್ಲಿ ಬೇರೆ ಇಲ್ಲ ಎನ್ನುತ್ತಾರೆ. ಹೌದು, ಆದರೆ ಅದರ ದೊಡ್ಡ ಪಾಲು ಗ್ಲಾಸ್ಗೋದ ಎರಡು ಮೈದಾನಗಳಿಗೆ. ಸೆಲ್ಟಿಕ್ ಪಾರ್ಕಿನಲ್ಲಿ ಸುಮಾರು 60,000 ಆಸನ, ರೇಂಜರ್ಸ್‌ನ ಐಬ್ರಾಕ್ಸಿನಲ್ಲಿ ಸುಮಾರು 50,000. ಶನಿವಾರ ಬೆಳಿಗ್ಗೆ ನಮ್ಮ ಊರಿನ ಪಬ್ಬುಗಳ ಮುಂದಿನಿಂದ ಆ ಎರಡೂ ಕಡೆಗೆ ಬಸ್ಸು ಹೊರಡುತ್ತವೆ. 1985ರಲ್ಲಿ ಅಲೆಕ್ಸ್ ಫರ್ಗುಸನ್ನರ ಅಬರ್ಡೀನ್ ಲೀಗ್ ಗೆದ್ದ ಮೇಲೆ ದಶಕಗಳ ಕಾಲ ಪ್ರಶಸ್ತಿ ಆ ಇಬ್ಬರ ಮನೆ ಬಿಟ್ಟು ಕದಲಲಿಲ್ಲ. ಗೆಲ್ಲುವವರ ಹಿಂದೆ ಮಕ್ಕಳು ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ.

ಆ ಬಸ್ಸುಗಳ ಜೊತೆ ಪೈಪೋಟಿ ಬೇಡ ಎಂದು ಮೊದಲೇ ತೀರ್ಮಾನಿಸಿದೆವು. ವೇಳಾಪಟ್ಟಿ ಎದುರಿಗಿಟ್ಟುಕೊಂಡು ನೋಡಿದರೆ ದಾರಿ ಕಾಣಿಸಿತು. ಗುರುವಾರ ಯುರೋಪಿನ ಪಂದ್ಯ ಆಡಿದ ದೊಡ್ಡ ತಂಡ ಲೀಗ್ ಪಂದ್ಯವನ್ನು ಸಾಮಾನ್ಯವಾಗಿ ಭಾನುವಾರ ಆಡುತ್ತದೆ. ಅಂಥ ಶನಿವಾರ ಊರಿನಲ್ಲಿ ಫುಟ್‌ಬಾಲ್ ಹುಚ್ಚಿನವರು ಖಾಲಿ ಕೂತಿರುತ್ತಾರೆ. ಆ ದಿನ ನಮ್ಮ ಮನೆ ಪಂದ್ಯವಿದ್ದರೆ ಯಾವ ಕ್ಲಬ್ಬಿನ ಸೀಸನ್ ಟಿಕೆಟ್ ತೋರಿಸಿದರೂ ಅರ್ಧ ಬೆಲೆ. ‘ಅವರ ತಂಡ ಬಿಟ್ಟು ಬರಬೇಕು ಅಂತ ಕೇಳಬೇಡಿ, ಒಂದು ಶನಿವಾರ ಕೇಳಿ’ ಎಂದು ಗೇಟಿನಲ್ಲಿ ನಲವತ್ತು ವರ್ಷ ನಿಂತ ಹಿರಿಯರೊಬ್ಬರು ಹೇಳಿದ್ದನ್ನೇ ಪೋಸ್ಟರಿಗೆ ಹಾಕಿದೆವು.

ಮಕ್ಕಳಿಗೆ ಟಿಕೆಟ್ ತೆಗೆದು ಹಾಕಿದ್ದಕ್ಕೆ ಸಮಿತಿಯಲ್ಲಿ ಜಗಳವೇ ಆಯಿತು. ಆದರೆ 2022ರ ಜನವರಿ ಕೊನೆಯಿಂದ ಸ್ಕಾಟ್ಲೆಂಡಿನಲ್ಲಿ 22 ವರ್ಷದೊಳಗಿನವರಿಗೆ ಬಸ್ ಪ್ರಯಾಣ ಉಚಿತ. ಬಸ್ಸಿಗೂ ದುಡ್ಡಿಲ್ಲ, ಗೇಟಿಗೂ ದುಡ್ಡಿಲ್ಲ ಎಂದರೆ ಅಕ್ಕಪಕ್ಕದ ಊರುಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು ತಾವೇ ಬರತೊಡಗಿದರು. ಮುಂದಿನ ಶನಿವಾರ ಅಪ್ಪನನ್ನೋ ಅಜ್ಜನನ್ನೋ ಎಳೆದುಕೊಂಡು ಬಂದರು. ಪೈ ಎಂಬ ತಿಂಡಿ ಮಾರುವ ಕೌಂಟರಿನ ಲೆಕ್ಕದಲ್ಲಿ ಅದು ಮೊದಲು ಕಾಣಿಸಿತು.

ಇಲ್ಲಿ ನನ್ನದೊಂದು ಬಲವಾದ ಅಭಿಪ್ರಾಯ ಇದೆ. ಜನರನ್ನು ಕರೆಯುವ ಮೊದಲು ಶೌಚಾಲಯ ಸರಿ ಮಾಡಿ. ನಮ್ಮಲ್ಲಿ ಹೆಂಗಸರಿಗೆ ಇದ್ದದ್ದು ಒಂದೇ, ಅದರ ಚಿಲಕ ಕೂಡುತ್ತಿರಲಿಲ್ಲ. ನನ್ನ ಹೆಂಡತಿ ಒಮ್ಮೆ ಬಂದವಳು ಎರಡನೇ ಸಲ ಬರಲಿಲ್ಲ, ಕಾರಣ ಕೇಳಿದಾಗ ಇದನ್ನೇ ಹೇಳಿದಳು. ಎಷ್ಟು ಕುಟುಂಬಗಳು ಹೀಗೆ ಹೇಳದೆ ಕೇಳದೆ ಹಿಂತಿರುಗಿ ಹೋಗಿರಬೇಕು! ಮೊದಲ ವರ್ಷ ಉಳಿದ ಹಣವೆಲ್ಲ ಅಲ್ಲಿಗೇ ಹೋಯಿತು.

ಕೃತಕ ಹುಲ್ಲಿನ ವಿಷಯ ಬೇರೆ ತರಹದ್ದು. ನಮ್ಮಲ್ಲಿ ಇದ್ದದ್ದು ಅದೇ. 2026-27ರಿಂದ ತಮ್ಮ ಲೀಗಿನಲ್ಲಿ ಕೃತಕ ಮೈದಾನ ಬೇಡವೆಂದು ಪ್ರೀಮಿಯರ್‌ಶಿಪ್ ಕ್ಲಬ್ಬುಗಳು 2024ರಲ್ಲಿ ನಿರ್ಧರಿಸಿದವು. ಆಟದ ಗುಣಮಟ್ಟದ ಮಾತು ನನಗೂ ಅರ್ಥವಾಗುತ್ತದೆ. ಆದರೆ ನಮ್ಮಂಥವರಿಗೆ ಅದು ಹೊಲವಿದ್ದ ಹಾಗೆ: ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಮಕ್ಕಳ ತಂಡ, ಮಹಿಳೆಯರ ತಂಡ, ನಡೆಯುತ್ತಲೇ ಆಡುವ ವಯಸ್ಸಾದವರ ಫುಟ್‌ಬಾಲ್, ಎಲ್ಲರೂ ಬಾಡಿಗೆ ಕೊಡುತ್ತಾರೆ. ಆ ಬಾಡಿಗೆಯನ್ನು ಪೂರ್ತಿ ಲಾಭ ಎಂದು ನಾವು ಮೊದಲು ತಪ್ಪು ಲೆಕ್ಕ ಹಾಕಿದ್ದೆವು. ಹುಲ್ಲಿಗೂ ಆಯುಸ್ಸು ಇದೆ, ಹತ್ತು ವರ್ಷದ ಹೊತ್ತಿಗೆ ಕಿತ್ತು ಹೊಸದು ಹಾಸಬೇಕು. ಈಗ ಪ್ರತಿ ತಿಂಗಳ ಬಾಡಿಗೆಯಲ್ಲಿ ಒಂದು ಭಾಗ ಅದಕ್ಕೇ ಮೀಸಲು.

ಆಟದ ಮಟ್ಟ ಸುಧಾರಿಸಿದ್ದರಲ್ಲಿ ನನ್ನ ಪಾತ್ರ ಕಡಿಮೆ. ಮಾಡಿದ್ದು ಒಂದೇ: ಜನವರಿಯಲ್ಲಿ ಗಾಬರಿಯಿಂದ ಆಟಗಾರರನ್ನು ತರುವುದನ್ನು ನಿಲ್ಲಿಸಿದೆವು. 2014-15ರಿಂದ ಲೀಗ್ ಟೂದ ಕೊನೆಯ ತಂಡ ಅದರ ಕೆಳಗಿನ ಹೈಲ್ಯಾಂಡ್, ಲೋಲ್ಯಾಂಡ್ ಲೀಗುಗಳಿಂದ ಮೇಲೆ ಬರುವ ತಂಡದ ಎದುರು ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. ಈಸ್ಟ್ ಸ್ಟರ್ಲಿಂಗ್‌ಶೈರ್, ಬೆರಿಕ್, ಬ್ರೆಕಿನ್, ಕೌಡನ್‌ಬೀತ್, ಹಳೆಯ ಹೆಸರುಗಳು ಹೀಗೆ ಕೆಳಗಿಳಿದವು. ಆ ಭಯಕ್ಕೆ ಕೈಗೆ ಸಿಕ್ಕವರನ್ನೆಲ್ಲ ಆರು ತಿಂಗಳಿಗೆ ತರುತ್ತಿದ್ದೆವು. ಆ ಹಣದಲ್ಲಿ ಈಗ ನಾಲ್ಕು ಸ್ಥಳೀಯ ಹುಡುಗರಿಗೆ ಎರಡು ವರ್ಷದ ಒಪ್ಪಂದ, ಒಬ್ಬ ಒಳ್ಳೆಯ ಫಿಸಿಯೋ. 1884ರಲ್ಲಿ ಹುಟ್ಟಿದ ಸ್ಟೆನ್‌ಹೌಸ್‌ಮ್ಯೂರ್ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದದ್ದು 2024ರಲ್ಲಿ, ಇದೇ ಲೀಗ್ ಟೂದಲ್ಲಿ. ಆ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನನ್ನ ಮೂರನೇ ವರ್ಷದಲ್ಲಿ ಕಪ್ ಹಣ ನಿಜಕ್ಕೂ ಬಂತು. ಬಜೆಟ್ಟಿನಲ್ಲಿ ಅದು ಇರಲಿಲ್ಲವಾದ್ದರಿಂದ ಯಾವ ಬಾಕಿಗೂ ಕೊಡಬೇಕಾಗಿರಲಿಲ್ಲ. ಮ್ಯಾನೇಜರಿಗೆ ಗೋಲು ಹೊಡೆಯುವವನೊಬ್ಬ ಬೇಕಿತ್ತು, ಅವರ ವಾದದಲ್ಲಿ ತೂಕವಿತ್ತು. ಸದಸ್ಯರ ಸಭೆಯಲ್ಲಿ ಕೈ ಎತ್ತಿಸಿದೆವು. ಪೂರ್ವದ ಕಡೆ ನಿಂತು ನೋಡುವವರ ತಲೆಯ ಮೇಲೆ ಛಾವಣಿ ಹಾಕಬೇಕೆಂದು ಹೆಚ್ಚು ಕೈ ಎದ್ದವು. ಅಪ್ಪನಿಗೆ ಹೇಳಿದಾಗ ‘ಎಷ್ಟ ಮಂದಿ ನಿಂದರತಾರ ಅದರ ಕೆಳಗ?’ ಎಂದು ಕೇಳಿದರು. ಇನ್ನೂರು ಎಂದೆ. ‘ಹಂಗಾರ ಮಳಿಗಾಲದಾಗೂ ಇನ್ನೂರ ಮಂದಿ ಬರತಾರ ಅಂತ ಬರಕೋ’ ಅಂದರು. ನಾನು ಬರೆದುಕೊಳ್ಳಲಿಲ್ಲ. ಛಾವಣಿ ಹಾಕಿದ ಮೇಲೆ ಬಂದ ಮೊದಲ ಮಂಗಳವಾರ ರಾತ್ರಿ, ಜೋರು ಮಳೆಯಲ್ಲಿ, ಅಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿದೆ.