ನೀರಡಿಕೆ ನಿಲ್ಲುತ್ತಿಲ್ಲವೇ? ಮೊದಲು ಮೂತ್ರದ ಕಡೆ ನೋಡಿ

ಬಿಸಿಲಿನ ನೀರಡಿಕೆ ಯಾವುದು, ಕಾಯಿಲೆಯ ನೀರಡಿಕೆ ಯಾವುದು ಅನ್ನೋದು ಬಹಳ ಸಲ ಮೂತ್ರದಿಂದಲೇ ಗೊತ್ತಾಗುತ್ತದೆ. ನಾನು ರಾಯಚೂರು ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. "ಸಿಸ್ಟರ್, ಎಷ್ಟು ನೀರು ಕುಡಿದ್ರೂ ನೀರಡಿಕಿ ಹೋಗವಲ್ದ್ರಿ" ಅಂತ ಬರುವವರಿಗೆ ನಾನು ಮೊದಲು ಕೇಳುವುದು ಎಷ್ಟು ನೀರು ಕುಡಿದಿರಿ ಅಂತ ಅಲ್ಲ. ಒಂದಕ್ಕೆ ಎಷ್ಟು ಸಲ ಹೋಗುತ್ತೀರಿ, ಬಣ್ಣ ಹೇಗಿದೆ, ರಾತ್ರಿ ಏಳುತ್ತೀರಾ ಅಂತ.

ಹೊಲದಲ್ಲಿ ಬೆವರಿ ಬಂದವರಿಗೆ ಮೂತ್ರ ಕಡಿಮೆ ಆಗುತ್ತದೆ, ಗಾಢ ಹಳದಿ ಇರುತ್ತದೆ. ನೆರಳಲ್ಲಿ ಕೂತು ನೀರು, ಮಜ್ಜಿಗೆ ಕುಡಿದರೆ ಒಂದೆರಡು ಗಂಟೆಯಲ್ಲಿ ಬಾಯಿ ತಣ್ಣಗಾಗುತ್ತದೆ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದಿದ್ದರೂ ಅಷ್ಟೇ. ಇದಕ್ಕೆ ಹೆದರಬೇಕಿಲ್ಲ. ಆದರೆ ನೀರಡಿಕೆಯೂ ಜಾಸ್ತಿ, ಮೂತ್ರವೂ ಜಾಸ್ತಿ, ಅದೂ ತಿಳಿ ನೀರಿನ ಹಾಗೆ ಇದ್ದರೆ ಮಾತು ಬೇರೆ. ಮೈಯೊಳಗಿನ ನೀರನ್ನು ಏನೋ ಹೊರಗೆ ತಳ್ಳುತ್ತಿದೆ. ನೀವು ಕುಡಿಯುವುದು ಆ ನಷ್ಟ ತುಂಬಲು.

ಅನುಮಾನ ಇದ್ದರೆ ಒಂದು ದಿನದ ಲೆಕ್ಕ ಬರೆಯಿರಿ. ಅಳತೆ ಗೆರೆ ಇರುವ ಒಂದು ಲೀಟರಿನ ಹಳೆ ಮಗ್ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೊತ್ತು ಮಾತ್ರ ಬರೆದುಕೊಳ್ಳಿ. ಅಲ್ಲಿಂದ ಮರುದಿನ ಅದೇ ಹೊತ್ತಿನವರೆಗೆ, ಮರುದಿನದ ಮೊದಲ ಮೂತ್ರವೂ ಸೇರಿ, ಪ್ರತಿ ಸಲ ಅಳೆದು ಬರೆಯಿರಿ. ಪಕ್ಕದಲ್ಲಿ ಕುಡಿದದ್ದನ್ನೂ ಬರೆಯಿರಿ: ನೀರು, ಚಹಾ, ಮಜ್ಜಿಗೆ, ಶರಬತ್ತು, ಎಲ್ಲ. ಬೇಕಂತ ಜಾಸ್ತಿ ಕುಡಿಯಬೇಡಿ, ಬೇಕಂತ ತಡೆಯಲೂ ಬೇಡಿ. ದೊಡ್ಡವರಿಗೆ ದಿನಕ್ಕೆ ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್ ಆಸುಪಾಸು ಮೂತ್ರ ಆಗುತ್ತದೆ. 3 ಲೀಟರ್ ದಾಟಿದರೆ ಡಾಕ್ಟರಿಗೆ ತೋರಿಸಲು ಅದೊಂದೇ ಕಾರಣ ಸಾಕು. ಬರೀ "ಬಹಳ ಹೋಗ್ತದ" ಅನ್ನುವ ಬದಲು ಈ ಚೀಟಿ ಕೈಗೆ ಕೊಟ್ಟರೆ ಡಾಕ್ಟರ ಅರ್ಧ ಕೆಲಸ ಮುಗಿದ ಹಾಗೆ. ಆದರೆ ವಾಂತಿ, ಮಂಪರು, ಉಸಿರಾಟದ ತೊಂದರೆ ಇರುವವರು ಲೆಕ್ಕ ಬರೆಯುತ್ತಾ ಕೂರಬಾರದು. ನೇರ ಆಸ್ಪತ್ರೆಗೆ ಬರಬೇಕು.

ನಾವು ಮೊದಲು ನೋಡುವುದು ಸಕ್ಕರೆ ಕಾಯಿಲೆ. ಇದು ಹೇಗೆ ನೀರಡಿಕೆ ತರುತ್ತದೆ ಅನ್ನುವುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ರಕ್ತದ ಸಕ್ಕರೆ (ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ) ಸುಮಾರು 180 ದಾಟಿದಾಗ ಮೂತ್ರಪಿಂಡ ಅದನ್ನು ಪೂರ್ತಿ ವಾಪಸ್ ಎಳೆದುಕೊಳ್ಳಲಾರದು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಒಂದಕ್ಕೆ ಹೋದ ಜಾಗದಲ್ಲಿ ಇರುವೆ ಮುತ್ತುತ್ತವೆ ಅಂತ ನಮ್ಮ ಹಳ್ಳಿಯ ಅಜ್ಜಿಯರು ಹೇಳುವುದು ಈ ಸಕ್ಕರೆಗೇ. ಅದು ನಿಜ. ಆದರೆ ಇರುವೆ ಬಂದಿಲ್ಲ ಅಂತ ಕಾಯಿಲೆ ಇಲ್ಲ ಅಂದುಕೊಳ್ಳಬೇಡಿ. ಬೆರಳಿನ ಒಂದು ಹನಿ ರಕ್ತ ಒಂದು ನಿಮಿಷದೊಳಗೆ ಉತ್ತರ ಹೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡು ಕೊಡದೆ ಈ ಪರೀಕ್ಷೆ ಮಾಡಿಸಬಹುದು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಲ್ಯಾಬಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಇಷ್ಟೆಲ್ಲ ನೀರಡಿಕೆ, ತೂಕ ಇಳಿಕೆ ಇರುವವರಿಗೆ ಯಾವ ಹೊತ್ತಿನಲ್ಲಾದರೂ 200 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ ಅಂತಲೇ ಹಿಡಿಯುತ್ತಾರೆ.

ಇಲ್ಲಿ ನನಗೆ ಬಹಳ ಸಂಕಟ ತರುವ ವಿಷಯ ಒಂದಿದೆ. ನೀರಡಿಕೆ ಅಂತ ಜನ ತಂಪು ಪಾನೀಯದ ಬಾಟಲಿ, ಕಬ್ಬಿನ ಹಾಲು, ಮಾವಿನ ಜ್ಯೂಸ್ ಕುಡಿಯುತ್ತಾರೆ. ಸಕ್ಕರೆ ಇನ್ನೂ ಏರುತ್ತದೆ, ಮೂತ್ರ ಇನ್ನೂ ಜಾಸ್ತಿ, ನೀರಡಿಕೆ ಇನ್ನೂ ಜಾಸ್ತಿ. ಮತ್ತೆ ಇನ್ನೊಂದು ಬಾಟಲಿ. ಕಾರಣ ಗೊತ್ತಾಗುವವರೆಗೆ ದಯವಿಟ್ಟು ಸಾದಾ ನೀರನ್ನೇ ಕುಡಿಯಿರಿ. ಓಆರ್‌ಎಸ್ ಕೂಡ ವಾಂತಿ ಭೇದಿ ಆದಾಗ, ಬಿಸಿಲಲ್ಲಿ ಬಹಳ ಬೆವರಿದಾಗ ಕುಡಿಯುವಂಥದ್ದು. ಅದರಲ್ಲಿ ಸಕ್ಕರೆ, ಉಪ್ಪು ಎರಡೂ ಇದೆ. ದಿನಾ ನೀರಡಿಕೆಗೆ ಅಂತ ಕುಡಿಯುವುದು ಸರಿಯಲ್ಲ.

ಇನ್ನು ಮಕ್ಕಳ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ತಾಯಂದಿರು ಓದಲೇಬೇಕು. ಆರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ವಾಂತಿ, ಹೊಟ್ಟೆನೋವು ಅಂತ ಕರೆತಂದಿದ್ದರು. ವಿಚಾರಿಸಿದರೆ ಕೆಲವು ವಾರದಿಂದ ಕ್ಲಾಸಿನಲ್ಲಿ ಪದೇ ಪದೇ ಹೊರಗೆ ಹೋಗುತ್ತಾಳೆ ಅಂತ ಟೀಚರ್ ದೂರು ಹೇಳಿದ್ದರಂತೆ. ರಾತ್ರಿ ಹಾಸಿಗೆಯೂ ಒದ್ದೆ. ಮನೆಯಲ್ಲಿ ಬೈದಿದ್ದರು. ಲಂಗ ಸಡಿಲ ಆಗಿತ್ತು, ಬೆಳೆಯುವ ವಯಸ್ಸು ಅಂದುಕೊಂಡಿದ್ದರು. ಆಕೆಯ ಉಸಿರು ಆಳವಾಗಿ, ವೇಗವಾಗಿ ಬರುತ್ತಿತ್ತು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ಸಕ್ಕರೆ ನೋಡಿದ ಕೂಡಲೇ ಡ್ರಿಪ್ ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಈಗ ಇನ್ಸುಲಿನ್ ತೆಗೆದುಕೊಂಡು ಶಾಲೆಗೆ ಹೋಗುತ್ತಾಳೆ. ಇದು ಟೈಪ್ 1 ಸಕ್ಕರೆ ಕಾಯಿಲೆ. ತಾಯಿ ತಂದೆ ಯಾರಿಗೂ ಇಲ್ಲದಿದ್ದರೂ ಬರುತ್ತದೆ, ಸಣ್ಣಗಿರುವ ಮಕ್ಕಳಿಗೂ ಬರುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಜೊತೆಗೆ ನೀರಡಿಕೆ ಇದ್ದರೆ, ಬೈಯಬೇಡಿ. ಅವತ್ತೇ ಸಕ್ಕರೆ ನೋಡಿಸಿ. "ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ಮಗು ಉಂಡಿದ್ದರೂ ಪರೀಕ್ಷೆ ಮಾಡಬಹುದು.

ಗರ್ಭಿಣಿಯರಿಗೆ ನೀರಡಿಕೆ ಸ್ವಲ್ಪ ಹೆಚ್ಚುವುದು ಸಹಜ. ಆದರೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡುವ ಪರೀಕ್ಷೆಯನ್ನು ತಪ್ಪಿಸಬೇಡಿ. ಅದರಲ್ಲಿ 140 ಅಥವಾ ಮೇಲೆ ಬಂದರೆ ಚಿಕಿತ್ಸೆ ಬೇಕು.

ಸಕ್ಕರೆ ಸರಿ ಇದೆ, ಆದರೂ ನೀರಡಿಕೆ ನಿಲ್ಲುತ್ತಿಲ್ಲ ಅಂದರೆ ನಿಮ್ಮ ಮಾತ್ರೆಗಳ ಚೀಲ ತೆಗೆಯಿರಿ. ಬಿಪಿಗೆ, ಕಾಲು ಬಾವಿಗೆ ಕೊಡುವ ಕೆಲವು ಮಾತ್ರೆಗಳ ಕೆಲಸವೇ ಮೂತ್ರ ಹೆಚ್ಚಿಸುವುದು. ಸಕ್ಕರೆ ಕಾಯಿಲೆಯ ಡಾಪಾಗ್ಲಿಫ್ಲೋಜಿನ್ ಕೂಡ ಹಾಗೆ. ಶೀತ, ಅಲರ್ಜಿಗೆ ನುಂಗುವ ಸೆಟ್ರಿಜಿನ್, ನಿದ್ದೆಗೆ ಮತ್ತು ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತವೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಮೂತ್ರಪಿಂಡ ನೀರು ಹಿಡಿಯುವ ಶಕ್ತಿ ಕಳೆದುಕೊಳ್ಳಬಹುದು. ಮಂಡಿನೋವಿಗೆ ಅಂತ ಸಂತೆಯಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಅದು ಸಕ್ಕರೆ ಏರಿಸುತ್ತದೆ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಸ್ಟೀರಾಯ್ಡನ್ನಂತೂ ದಿಢೀರ್ ಅಂತ ನಿಲ್ಲಿಸುವುದು ಅಪಾಯ. ಪಟ್ಟಿ, ಪುಡಿ ಎಲ್ಲವನ್ನೂ ತಂದು ತೋರಿಸಿ.

ಬಾಯಿ ಮಾತ್ರ ಒಣಗಿ, ಮೂತ್ರ ಮಾಮೂಲಿ ಇದ್ದರೆ ಕಾರಣ ಬಾಯಿಯಲ್ಲೇ ಇರಬಹುದು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದು, ತಂಬಾಕು, ಗುಟ್ಕಾ. ಕಣ್ಣೂ ಒಣಗಿ ಉರಿಯುತ್ತಿದ್ದರೆ ಅದನ್ನೂ ಹೇಳಿ.

ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೂ ನೀರಡಿಕೆ ಬರುತ್ತದೆ. ಜೊತೆಗೆ ಮಲಬದ್ಧತೆ, ಸುಸ್ತು, ಕಲ್ಲಿನ ತೊಂದರೆ ಇರಬಹುದು. ಮೈಕೈ ನೋವು ಅಂತ 6 ಲಕ್ಷ ಯೂನಿಟ್ಟಿನ ವಿಟಮಿನ್ ಡಿ ಇಂಜೆಕ್ಷನ್ ಪದೇ ಪದೇ ಹಾಕಿಸಿಕೊಂಡವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಮೂತ್ರಪಿಂಡದ ಕಾಯಿಲೆಯಲ್ಲೂ ರಾತ್ರಿ ಮೂತ್ರ ಹೆಚ್ಚಬಹುದು, ಅದಕ್ಕೇ ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ.

ಅಪರೂಪದ್ದು ಒಂದಿದೆ, ಡಯಾಬಿಟಿಸ್ ಇನ್ಸಿಪಿಡಸ್. ಹೆಸರಲ್ಲಿ ಡಯಾಬಿಟಿಸ್ ಇದ್ದರೂ ಸಕ್ಕರೆಗೂ ಇದಕ್ಕೂ ಸಂಬಂಧ ಇಲ್ಲ. ನೀರು ಹಿಡಿದಿಡು ಅಂತ ಮೂತ್ರಪಿಂಡಕ್ಕೆ ಹೇಳುವ ಒಂದು ಹಾರ್ಮೋನ್ ಮಿದುಳಿನಲ್ಲಿ ತಯಾರಾಗುತ್ತದೆ. ತಲೆಗೆ ಪೆಟ್ಟು ಬಿದ್ದ ಮೇಲೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಆಪರೇಷನ್ ಆದ ಮೇಲೆ ಅದು ಕಡಿಮೆ ಆಗಬಹುದು. ಆಗ ದಿನಕ್ಕೆ ಐದು, ಹತ್ತು ಲೀಟರ್ ಮೂತ್ರ ಹೋಗುತ್ತದೆ. ಇಂಥವರಿಗೆ ನೀರು ತಡೆಯುವುದು ಜೀವಕ್ಕೇ ಅಪಾಯ. "ಕುಡಿಯೋದು ಕಡಿಮೆ ಮಾಡು, ತಾನೇ ನಿಲ್ಲುತ್ತೆ" ಅಂತ ಮನೆಯವರು ಹೇಳಬಾರದು. ಇನ್ನು ಕೆಲವರು ಮನಸ್ಸಿನ ತೊಳಲಾಟದಿಂದ ಬೇಕಿಲ್ಲದಿದ್ದರೂ ಕುಡಿಯುತ್ತಲೇ ಇರುತ್ತಾರೆ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಫಿಟ್ಸ್ ಬರಬಹುದು. ಅವರಿಗೂ ಬೈಗುಳ ಬೇಡ, ಚಿಕಿತ್ಸೆ ಬೇಕು. ಹೃದಯ, ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿಸಿಕೊಂಡವರು ನೀರಡಿಕೆ ತಡೆಯಲಾಗದಿದ್ದರೆ ಮಿತಿ ಮೀರುವ ಮೊದಲು ತಮ್ಮ ಡಾಕ್ಟರನ್ನು ಕೇಳಿ.

ವಯಸ್ಸಾದವರ ಬಗ್ಗೆ ಒಂದು ಮಾತು. ವಯಸ್ಸಾದಂತೆ ನೀರಡಿಕೆಯ ಅರಿವೇ ಕಡಿಮೆ ಆಗುತ್ತದೆ. ಅಂಥ ಅಜ್ಜ ಅಜ್ಜಿಯೇ ನೀರು ನೀರು ಅಂತಿದ್ದರೆ, ಮಾತು ತೊದಲಿದರೆ, ಮಂಪರಾದರೆ, ವಯಸ್ಸಿನ ಮೇಲೆ ಹಾಕಬೇಡಿ.

ಹಾಗಾದರೆ ಯಾವಾಗ ಬರಬೇಕು? ನೀರಡಿಕೆಯ ಜೊತೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಮಂಪರು, ಗೊಂದಲ ಇದ್ದರೆ ಈಗಲೇ, 108ಕ್ಕೆ ಫೋನ್ ಮಾಡಿ. ಬಿಸಿಲಲ್ಲಿ ಕುಸಿದು ಮೈ ಕೆಂಡದಂತಾಗಿದ್ದರೂ, ಆರೆಂಟು ತಾಸು ಮೂತ್ರವೇ ಆಗದಿದ್ದರೂ ಹಾಗೇ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಮಕ್ಕಳು, ಗರ್ಭಿಣಿಯರು, ಸುಮ್ಮನೆ ತೂಕ ಇಳಿಯುತ್ತಿರುವವರು ಅವತ್ತೇ ಬನ್ನಿ. ಬೇರೆ ತೊಂದರೆ ಇಲ್ಲದೆ ಬರೀ ನೀರಡಿಕೆ ಕೆಲವು ದಿನದಿಂದ ಇದ್ದರೂ ಆ ವಾರದೊಳಗೆ ತೋರಿಸಿ. ಪದೇ ಪದೇ ಬರುವ ಗುಪ್ತಾಂಗದ ತುರಿಕೆ, ವಾಸಿಯಾಗದ ಗಾಯ, ಕಣ್ಣು ಮಂಜಾಗುವುದು ಇದ್ದರೆ ನಾಚಿಕೊಳ್ಳದೆ ಹೇಳಿ. ಖಾಲಿ ಹೊಟ್ಟೆಯ ಪರೀಕ್ಷೆಗೆ ಬರುವವರು ರಾತ್ರಿ ಉಂಡ ಮೇಲೆ ಎಂಟು ತಾಸು ಏನೂ ತಿನ್ನಬೇಡಿ, ಚಹಾ ಕೂಡ ಬೇಡ. ಸಾದಾ ನೀರು ಎಷ್ಟು ಬೇಕಾದರೂ ಕುಡಿಯಬಹುದು.